ತೊಳೆಯದ ಕೊಳವೆ

ಬೆಂಕಿ ಹಚ್ಚುವುದಕ್ಕೆ ಯಾರಾದರೂ ಆದೀತು, ಉರಿಯುವುದನ್ನು ಅರ್ಧದಲ್ಲಿ ನಿಲ್ಲಿಸುವುದಕ್ಕೆ ಬುದ್ಧಿ ಬೇಕು ಎಂದು ಮೇಷ್ಟ್ರು ಹೇಳದ ದಿನವಿರಲಿಲ್ಲ. ನೈಸರ್ಗಿಕ ಅನಿಲಕ್ಕೆ ಆಮ್ಲಜನಕ ಸೇರಿಸಿ ಬಿಸಿ ಮಾಡಿದರೆ ಅದು ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತದೆ. ನಡುದಾರಿಯಲ್ಲಿ ಹಿಡಿದು ನಿಲ್ಲಿಸಿದರೆ ಮಾತ್ರ ಮೆಥನಾಲ್ ಎಂಬ ದ್ರವ ಸಿಗುತ್ತದೆ. ಅದರಿಂದ ಅಂಟು, ಬಣ್ಣ, ಪ್ಲಾಸ್ಟಿಕ್ಕು, ಏನೆಲ್ಲ ಮಾಡಬಹುದು. ಹಾಗೆ ಹಿಡಿದು ನಿಲ್ಲಿಸುವ ವೇಗವರ್ಧಕವನ್ನು, ಅಂದರೆ ಒಂದು ಬೂದುಬಣ್ಣದ ಪುಡಿಯನ್ನು, ತಾವು ಕಂಡುಹಿಡಿದಿದ್ದೇವೆ ಎಂದು ಮೇಷ್ಟ್ರು ನಂಬಿದ್ದರು. ನಂಬಿ ಸುಮ್ಮನಿರುವ ಜೀವವಲ್ಲ ಅದು. ಹಾಲು ಹಾಕುವವನಿಗೆ ಹೇಳಿದ್ದರು, ಕ್ಷೌರದಂಗಡಿಯಲ್ಲಿ ಹೇಳಿದ್ದರು, ಹಲ್ಲು ಕೀಳಿಸಿಕೊಳ್ಳಲು ಹೋದಾಗ ಬಾಯಲ್ಲಿ ಇಕ್ಕಳ ಇದ್ದರೂ ದಂತವೈದ್ಯರಿಗೆ ಅರ್ಧ ಹೇಳಿ ಮುಗಿಸಿದ್ದರು.

ಆ ಪುಡಿಯನ್ನು ಅರೆದು, ಸುಟ್ಟು, ಜರಡಿ ಹಿಡಿದು ಮಾಡುತ್ತಿದ್ದವಳು ಅವರ ಶಿಷ್ಯೆ. ಆದರೂ ಅದು ಯಾವಾಗಲೂ ‘ನನ್ನ ಪುಡಿ’. ಅವಳು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ, ಅಥವಾ ಮೇಷ್ಟ್ರು ನೋಡಲಿಲ್ಲ. ಅವಳ ವಿದ್ಯಾರ್ಥಿವೇತನ ನಿಂತುಹೋಗಿತ್ತು. ಪುಟ್ಟ ಮಗಳನ್ನು ಕಟ್ಟಿಕೊಂಡು ತಾಯಿಯ ಮನೆಯಲ್ಲಿದ್ದಳು. ಈಗ ಒಂದು ಕಾರ್ಖಾನೆಯವರು ಪ್ರಯೋಗ ನೋಡಲು ಬರುವವರಿದ್ದರು. ಅವರ ಕಣ್ಣೆದುರು ಮೆಥನಾಲ್ ಬಂದರೆ ಈ ಕೆಲಸವನ್ನು ತಾವು ಮುಂದುವರಿಸುತ್ತೇವೆ, ಅದಕ್ಕೆ ಇಲ್ಲಿಂದ ಒಬ್ಬರನ್ನು ನೌಕರಿಗೆ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಆ ಒಬ್ಬರು ತಾನಾಗಬೇಕು ಎಂದು ಶಿಷ್ಯೆ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನೆಂಟರು ಬರುತ್ತಾರೆಂದರೆ ಮನೆ ಗುಡಿಸುವ ಹಾಗೆ ಮೇಷ್ಟ್ರು ಪ್ರಯೋಗಾಲಯ ಗುಡಿಸಲು ನಿಂತರು. ಸುದ್ದಿ ಕೇಳಿ ಹೆಂಡತಿಗೆ ನಗು ತಡೆಯಲಾಗಲಿಲ್ಲ.

“ಮನೇಲಿ ಕುಡಿದ ಲೋಟ ಎತ್ತಿಡೋಕೆ ಬರಲ್ಲ. ಅಲ್ಲಿ ಪೊರಕೆ ಹಿಡಿದಿದ್ದೀರಂತೆ?”

“ದೊಡ್ಡವರು ಬರ್ತಾರೆ ಕಣೇ. ಮರ್ಯಾದೆ ಪ್ರಶ್ನೆ.”

ಮರ್ಯಾದೆಯ ಕಣ್ಣಿಗೆ ಮೊದಲು ಚುಚ್ಚಿದ್ದು ಕುಲುಮೆಯೊಳಗಿನ ಉಕ್ಕಿನ ಕೊಳವೆ. ಅದರೊಳಗೆ ಪುಡಿ ತುಂಬಿ ಅನಿಲ ಹಾಯಿಸುವುದು. ಮೇಷ್ಟ್ರಿಗೆ ತಲೆತುಂಬ ಕೂದಲಿದ್ದಾಗಿನಿಂದ ಅದೇ ಕೊಳವೆ. ಕೆಲಸಕ್ಕೆ ಬಾರದ ಎಷ್ಟೋ ಪುಡಿಗಳು ಅದರೊಳಗೆ ಸುಟ್ಟು ಕರಕಲಾಗಿ ಹೋಗಿದ್ದವು. ಉಜ್ಜಿ ತೊಳೆಯಬೇಕೆಂದು ಪ್ರತಿ ವರ್ಷ ಅಂದುಕೊಂಡು ಪ್ರತಿ ವರ್ಷ ಸೋಮಾರಿತನ ಮಾಡಿದ್ದರಿಂದ ಅದು ಒಳಗೂ ಹೊರಗೂ ಕರ್ರಗಾಗಿತ್ತು. ಮೇಷ್ಟ್ರು ಅದನ್ನು ಗುಜರಿಗೆ ಹಾಕಿ ಹೊಸದನ್ನು ತರಿಸಿದರು. ಹೊಸದು ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡರು.

ಹೊಸ ಕೊಳವೆಯಲ್ಲಿ ಪುಡಿ ತುಂಬಿ ಅನಿಲ ಬಿಟ್ಟರೆ ಮೆಥನಾಲ್ ಬರಲಿಲ್ಲ. ಬಂದದ್ದು ಇಂಗಾಲದ ಡೈಆಕ್ಸೈಡ್ ಮತ್ತು ನೀರು, ಅಂದರೆ ಬಿಸಿ ಸೋಡಾ. ಉಷ್ಣತೆ ಇಳಿಸಿದರು, ಒತ್ತಡ ಏರಿಸಿದರು, ಆಮ್ಲಜನಕ ಕಡಿಮೆ ಮಾಡಿದರು. ಸೋಡಾವೇ ಬಂತು.

“ಪುಡಿ ಸರಿಯಾಗಿ ಮಾಡಿಲ್ಲ ನೀನು” ಎಂದರು ಮೇಷ್ಟ್ರು.

“ಮತ್ತೊಂದು ಸಲ ಮಾಡಿದೆ ಸರ್. ಹೋದ ತಿಂಗಳದ್ದೇ ಉಳಿದಿತ್ತಲ್ಲ, ಅದನ್ನೂ ಹಾಕಿ ನೋಡಿದೆ.”

“ಹಾಗಾದ್ರೆ ನಿನ್ನ ಕೈಯಲ್ಲೇ ದೋಷ. ಮನಸ್ಸು ಮಗಳ ಹತ್ರ, ಕೈ ಇಲ್ಲಿ. ಇನ್ನೇನಾಗುತ್ತೆ?”

ಶಿಷ್ಯೆ ಆಗಲೇ ತೊಳೆದಿಟ್ಟಿದ್ದ, ಪುಡಿ ಅರೆಯುವ ಕಲ್ಲಿನ ಬಟ್ಟಲನ್ನು ಇನ್ನೊಂದು ಸಲ ತೊಳೆಯಲು ನಲ್ಲಿಯ ಹತ್ತಿರ ಹೋದಳು. ಆಡಿದ ಮಾತನ್ನು ನುಂಗಿಕೊಳ್ಳುವ ಹಾಗಿದ್ದರೆ ಮೇಷ್ಟ್ರು ಆಗಲೇ ನುಂಗಿಬಿಡುತ್ತಿದ್ದರು. ಅದರ ಬದಲು ಗಂಟಲು ಸರಿಮಾಡಿಕೊಂಡು, ಸಭೆ ಇದೆ ಎಂದು ಸುಳ್ಳು ಹೇಳಿ, ಕಾಲಿಗೆ ಬುದ್ಧಿ ಹೇಳಿದರು. ಸಂಜೆಯೆಲ್ಲ ಮನೆಯಲ್ಲಿ ಎಲ್ಲದಕ್ಕೂ ಸಿಡುಕಿದರು. ತಾವು ನಿಜಕ್ಕೂ ದೊಡ್ಡ ಮನುಷ್ಯರೇ ಎಂದು ಅವರಿಗೆ ಆಗಾಗ ಅನುಮಾನ ಬರುವುದಿತ್ತು. ಆ ಸಂಜೆ ಅನುಮಾನಕ್ಕೂ ಜಾಗ ಉಳಿಯಲಿಲ್ಲ.

ಬೆಳಿಗ್ಗೆ ಅವರು ಬರುವಷ್ಟರಲ್ಲಿ ಶಿಷ್ಯೆ ಕುಲುಮೆಯ ಮುಂದೆ ನಿಂತಿದ್ದಳು.

“ಪುಡಿ ಅದೇ, ಅನಿಲ ಅದೇ, ಕೈಯೂ ಅದೇ ಸರ್. ಬದಲಾಗಿರೋದು ಕೊಳವೆ ಒಂದೇ.”

“ಕೊಳವೆ ಅಂದ್ರೆ ಬರೀ ದಾರಿ ಕಣಮ್ಮಾ. ದಾರಿ ಯಾವತ್ತಾದ್ರೂ ಕೆಲಸ ಮಾಡುತ್ತಾ?” ಎಂದು ಮೇಷ್ಟ್ರು ನಕ್ಕರು. ನಗು ಪೂರ್ತಿ ಆಚೆ ಬರಲಿಲ್ಲ. ಯಾವ ಪುಡಿಯನ್ನಾದರೂ ಹೊಗಳುವ ಮೊದಲು ಖಾಲಿ ಕೊಳವೆಯಲ್ಲಿ ಅನಿಲ ಹಾಯಿಸಿ ನೋಡಬೇಕು ಎಂಬುದು ತರಗತಿಯಲ್ಲಿ ಅವರೇ ಹೇಳಿಕೊಡುವ ಮೊದಲ ಪಾಠ. ಅವರೂ ನೋಡಿದ್ದರು, ಕೊಳವೆ ಹೊಸದಾಗಿದ್ದಾಗ. ಆಗ ಏನೂ ಬಂದಿರಲಿಲ್ಲ. ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಅವರು ಬಸ್ಸು ಹಿಡಿದು ಗುಜರಿ ಅಂಗಡಿಗೆ ಓಡಿದರು.

ಅಂಗಡಿಯ ಹಿತ್ತಲಲ್ಲಿ ಕೊಳವೆಗಳ ರಾಶಿಯೇ ಬಿದ್ದಿತ್ತು. “ಹೇಗಿತ್ತು ನಿಮ್ಮದು?” ಎಂದು ಗುಜರಿಯವನು ಕೇಳಿದ.

“ಕಪ್ಪಗಿತ್ತು.”

“ಇಲ್ಲಿ ಕಪ್ಪಗಿಲ್ದೇ ಇರೋದು ನಿಮ್ಮ ಅಂಗಿ ಒಂದೇ.”

ಮೇಷ್ಟ್ರು ಇಂಗು ತಿಂದ ಮಂಗನಂತೆ ನಿಂತರು. ತಮ್ಮ ಪುಡಿಯ ಕಣಕಣವನ್ನೂ ಸೂಕ್ಷ್ಮದರ್ಶಕದಲ್ಲಿಟ್ಟು ಫೋಟೊ ತೆಗೆಸಿ ಗೋಡೆಗೆ ತೂಗುಹಾಕಿದ್ದರು. ಇಷ್ಟು ವರ್ಷ ಕೈಯಲ್ಲಿ ಹಿಡಿದ ಕೊಳವೆಯ ಮುಖ ಮಾತ್ರ ನೆನಪಿಲ್ಲ. ಕೊನೆಗೆ ಅಳತೆಗೆ ಸರಿಯೆನಿಸಿದ್ದನ್ನೆಲ್ಲ ಆರಿಸಿ, ಒಂದು ಹೊರೆ ಮಾಡಿ, ತಬ್ಬಿಕೊಂಡು ಬಸ್ಸು ಹತ್ತಿದರು. ಪಕ್ಕದಲ್ಲಿ ಕೂತವರು ಎದ್ದು ಬೇರೆ ಕಡೆ ಹೋದರು. ಅಂಗಿಯೂ ಕಪ್ಪಾಯಿತು.

ಪ್ರಯೋಗಾಲಯದಲ್ಲಿ ಶಿಷ್ಯೆ ಒಂದೊಂದನ್ನೇ ಕುಲುಮೆಗೆ ಹಿಡಿದು ನೋಡಿದಳು. ಎರಡೂ ತುದಿಯ ತಿರುಪು ಕೂತದ್ದು ಒಂದಕ್ಕೆ ಮಾತ್ರ. ಪುಡಿ ಹಾಕದೆ ಅನಿಲ ಬಿಟ್ಟಳು. ಅಳೆಯುವ ಯಂತ್ರದ ಪರದೆಯ ಮೇಲೆ ಮೆಥನಾಲ್‌ನ ಗೆರೆ ಎದ್ದು ನಿಂತಿತು. ಆಮೇಲೆ ಪುಡಿ ತುಂಬಿ ನೋಡಿದರು. ಗೆರೆ ಒಂದಿಷ್ಟು ಇಳಿಯಿತು. ಪುಡಿ ಉಪಕಾರ ಮಾಡುವುದಿರಲಿ, ಅಡ್ಡ ಕೂತಿತ್ತು.

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದು ಕೂತು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೈಗೆ ಹತ್ತದ ಅಷ್ಟೂ ಪುಡಿಗಳು, ಅವರ ಸೋಲುಗಳೆಲ್ಲ, ಕೊಳವೆಯ ಒಳಗೋಡೆಗೆ ಮೆತ್ತಿಕೊಂಡು, ಬೆಂದು, ಒಂದು ಪದರವಾಗಿ ಕೂತಿದ್ದವು. ಬೇರೆಬೇರೆಯಾಗಿ ಯಾವುದಕ್ಕೂ ಬಾರದವು ಒಟ್ಟಿಗೆ ಸೇರಿ ಕೆಲಸ ಮಾಡುತ್ತಿದ್ದವು. ಜೀವಮಾನದಲ್ಲಿ ತಾವು ಮಾಡಿದ ದೊಡ್ಡ ಸಾಧನೆ ಪಾತ್ರೆ ತೊಳೆಯದೆ ಬಿಟ್ಟದ್ದು. ಅದನ್ನೂ ಗುಜರಿಗೆ ಹಾಕಿದ್ದರು.

ನಗು ನಿಂತ ಮೇಲೆ ಭಯ ಶುರುವಾಯಿತು.

“ನಾಳೆ ಅವರಿಗೆ ಪುಡಿ ತುಂಬಿಸಿಯೇ ತೋರ್ಸೋಣ” ಎಂದರು ದನಿ ತಗ್ಗಿಸಿ. “ಮೆಥನಾಲ್ ಅಂತೂ ಬರುತ್ತೆ. ಯಾರಿಗೆ ಗೊತ್ತಾಗುತ್ತೆ? ನಿನಗೊಂದು ಕೆಲಸ ಆಗ್ಲಿ.”

“ಅವರು ಅಲ್ಲಿ ಮೂಟೆಗಟ್ಟಲೆ ಪುಡಿ ಮಾಡಿಸ್ತಾರೆ ಸರ್. ಹೊಸ ಕೊಳವೆಗೆ ಹಾಕ್ತಾರೆ. ಸೋಡಾ ಬರುತ್ತೆ. ಆಗ ಅಲ್ಲಿ ನಿಂತಿರೋಳು ನಾನು. ನಿನ್ನ ಕೈಯಲ್ಲೇ ದೋಷ ಅಂತಾರೆ.”

ಅವಳು ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಲೆಕ್ಕ ಹೇಳುವ ಹಾಗೆ ಹೇಳಿದಳು. ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ. ಬಹಳ ನಾಚಿಕೆಯಾಯಿತು. ತಪ್ಪಾಯಿತು ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಎಂದೂ ಏನನ್ನೂ ಹೇಳಿರಲಿಲ್ಲ. “ಇರಲಿ ಬಿಡಿ ಸರ್” ಎಂದಳು ಅವಳು. ಇರಲಿ ಎಂದರೂ ಅವಳ ಮುಖ ಸಡಿಲವಾಗಲಿಲ್ಲ.

ಕಾರ್ಖಾನೆಯಿಂದ ಬಂದ ಹಿರಿಯ ಎಂಜಿನಿಯರ್ ಮಾತು ಕಡಿಮೆಯ ಹೆಂಗಸು. ಶಿಷ್ಯೆ ಆಕೆಯ ಮುಂದೆ ಹೊಸ ಕೊಳವೆಯಲ್ಲಿ ಪುಡಿ ತುಂಬಿ ಸೋಡಾ ತೋರಿಸಿದಳು. ಆಮೇಲೆ ಹಳೆಯ ಕೊಳವೆಯನ್ನು ಬೆಳಕಿಗೆ ಹಿಡಿದು, ಒಳಗೆ ಏನೂ ಇಲ್ಲವೆಂದು ತೋರಿಸಿ, ಕುಲುಮೆಗೆ ಕೂರಿಸಿದಳು. ತಿರುಪು ಬಿಗಿದು ಅನಿಲ ಬಿಟ್ಟಳು. ಗೆರೆ ಎದ್ದಿತು. ಎಂಜಿನಿಯರ್ ಕುರ್ಚಿ ಮುಂದಕ್ಕೆ ಎಳೆದುಕೊಂಡು, ಇನ್ನೊಂದು ಸಲ ಮಾಡಿಸಿ ನೋಡಿದಳು.

“ಪುಡಿ ನಮಗೆ ಬೇಡ” ಎಂದಳು ಕೊನೆಗೆ. “ಈ ಗೋಡೆ ಮೇಲೇನಿದೆ ಅಂತ ತಿಳ್ಕೋಬೇಕು. ಇದನ್ನ ಕಂಡುಹಿಡಿದೋರು ಯಾರೋ, ಅವರು ನಮ್ಮಲ್ಲಿಗೆ ಬರಲಿ. ಯಾರು ಕಂಡುಹಿಡಿದಿದ್ದು?”

ಶಿಷ್ಯೆ ಅಭ್ಯಾಸಬಲದಿಂದ ಮೇಷ್ಟ್ರ ಕಡೆ ನೋಡಿದಳು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಮೇಷ್ಟ್ರು ಯೌವನದಿಂದ ಕಾದಿದ್ದರು. ಕನ್ನಡಿಯ ಮುಂದೆ ಉತ್ತರ ಎಷ್ಟು ಸಲ ಅಭ್ಯಾಸವಾಗಿತ್ತೋ ಲೆಕ್ಕವಿಲ್ಲ. ಕೊಳವೆ ತಮ್ಮದು, ಕೊಳೆ ತಮ್ಮದು, ಪದರದ ಒಂದೊಂದು ಸೋಲೂ ತಮ್ಮದೇ. ನಾನೇ ಎಂದರೆ ಯಾರೂ ಅಲ್ಲ ಎನ್ನುವ ಹಾಗಿರಲಿಲ್ಲ. ಬಾಯಿ ಆಗಲೇ ತೆರೆದಿತ್ತು.

“ಇವಳು” ಎಂದರು ಮೇಷ್ಟ್ರು. “ನಾನು ಅದನ್ನ ಗುಜರಿಗೆ ಹಾಕಿದೋನು.”

ಎಂಜಿನಿಯರ್ ನಗದೆ ಎರಡನ್ನೂ ಬರೆದುಕೊಂಡಳು.