ಬಕೆಟ್ಟಿನಲ್ಲೇ ಗಟ್ಟಿಯಾದದ್ದು

ಸಮಾಧಿಯ ಮಣ್ಣು ಮೆತ್ತಿದ ಬೂಟುಗಳಲ್ಲೇ ಗಂಡಸರು ಶೆಡ್ಡಿನೊಳಗೆ ಬಂದರು. ಮರದ ಸ್ಟ್ಯಾಂಡುಗಳ ಮೇಲೆ ಅರ್ಧ ಮುಗಿದ ಸರ್ಫ್‌ಬೋರ್ಡ್ ಇತ್ತು. ಬಿಳಿ ಫೋಮನ್ನು ಉಜ್ಜಿ ಆಕಾರಕ್ಕೆ ತಂದು, ಅದರ ಮೇಲೆ ಫೈಬರ್‌ಗ್ಲಾಸ್ ಬಟ್ಟೆಯನ್ನು ಒಂದು ಸುಕ್ಕೂ ಇಲ್ಲದಂತೆ ಹಾಸಿ, ಅಂಚು ಕತ್ತರಿಸಿಯಾಗಿತ್ತು. ಇನ್ನು ರೆಸಿನ್ ಅಂಟು ಹುಯ್ಯುವುದೊಂದೇ ಬಾಕಿ. ಅಷ್ಟು ಮಾಡಿಟ್ಟು ಊಟಕ್ಕೆಂದು ಮನೆಯೊಳಗೆ ಹೋದವಳು ಅಡುಗೆಮನೆಯಲ್ಲೇ ಕುಸಿದು ಸತ್ತಿದ್ದಳು.

ಇದನ್ನು ಇವತ್ತೇ ಮುಗಿಸಬೇಕು, ಅತ್ತಿಗೆಯ ನೆನಪಿಗೆ ಕ್ಲಬ್ಬಿನ ಗೋಡೆಗೆ ಹಾಕೋಣ ಎಂದು ಸರ್ಫಿಂಗ್ ಕ್ಲಬ್ಬಿನ ಕಾರ್ಯದರ್ಶಿ ಸತ್ತವಳ ಗಂಡನಿಗೆ ಹೇಳಿದರು. ಆತನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಯಾವ ಹಡಗನ್ನೂ ನಡೆಸಿದವನಲ್ಲ. ಹರೆಯದಲ್ಲಿ ಅಲೆಗಳ ಮೇಲೆ ನಿಂತು ಗೆದ್ದ ಪಂದ್ಯಗಳಿಂದ ಅಂಟಿದ ಹೆಸರು. ಆ ಕಡಲತೀರದ ಅರ್ಧಕ್ಕರ್ಧ ಬೋರ್ಡುಗಳ ಮೇಲೆ ಅವನ ಲಂಗರಿನ ಗುರುತಿತ್ತು. ಅವನ್ನೆಲ್ಲ ಅವನೇ ಮಾಡಿದ್ದೆಂದು ಅಲ್ಲಿದ್ದ ಪ್ರತಿಯೊಬ್ಬರೂ ನಂಬಿದ್ದರು, ಮಗಳು ಮತ್ತು ಅವಳ ಚಿಕ್ಕಮ್ಮನ ಹೊರತು.

ಮಗಳು ಅಪ್ಪನನ್ನು ಬಾಗಿಲ ಮರೆಗೆ ಕರೆದಳು. ಅವಳ ಕೈಯಲ್ಲಿ ತೆಳು ಕಾಗದದ ಚೂರಿತ್ತು. ಅದರ ಮೇಲೆ ಅಮ್ಮನ ಹೆಸರು. ಬಟ್ಟೆಯಡಿಗೆ ಇಟ್ಟು ರೆಸಿನ್ ಹುಯ್ದರೆ ಕಾಗದ ಕಾಣದಾಗಿ ಅಕ್ಷರ ಮಾತ್ರ ಉಳಿಯುತ್ತದೆ.

"ಇದೊಂದಕ್ಕಾದ್ರೂ ಅಮ್ಮನ ಹೆಸರು ಹಾಕಪ್ಪ."

ಅವನು ಒಳಗಿದ್ದ ಗಂಡಸರತ್ತ ಒಮ್ಮೆ ನೋಡಿದ. "ಇಷ್ಟು ವರ್ಷ ನಾನು ಸುಳ್ಳು ಹೇಳ್ಕೊಂಡು ಬಂದೆ ಅಂತ ಇವತ್ತೇ ಸಾರಬೇಕಾ? ಅವಳು ಯಾವತ್ತೂ ಕೇಳಲಿಲ್ಲ, ನೀನು ಕೇಳ್ತೀಯ."

ಒಳಗೆ ಹೋಗಿ ಬಟ್ಟೆಯಂಚು ಎತ್ತಿ, ತನ್ನ ಲಂಗರಿನ ಚಿತ್ರವಿದ್ದ ಕಾಗದವನ್ನು ಇಟ್ಟ.

*

ಅವಳು ಕೇಳಿದ್ದಳು, ಒಂದು ಸಲ.

ಮಗಳು ಹುಟ್ಟಿದ ವರ್ಷ ಕ್ಯಾಪ್ಟನ್ನನ ಭುಜ ಮುರಿದು, ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳದಾಯಿತು. ಬೋರ್ಡು ಮಾಡಿಕೊಡುತ್ತೇನೆಂದು ಆಗಲೇ ನಾಲ್ಕಾರು ಜನರಿಗೆ ಮಾತು ಕೊಟ್ಟಿದ್ದ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿ ಮುಗಿಸಿ ಬಂದು, ಬೋರ್ಡುಗಳನ್ನು ಕೆಡಿಸಿ ಕೆಡಿಸಿಯೇ ಕೆಲಸ ಕಲಿತಳು. ಅವನು ಗೇಟಿನ ಬಳಿ ನಿಂತು ಗಿರಾಕಿಗಳಿಗೆ ಅಲೆಯ ಕತೆ ಹೇಳುತ್ತಿದ್ದ. ಬೋರ್ಡಿಗೆ ತನ್ನ ಹೆಸರು ಹಾಕಬಹುದೇ ಎಂದು ಅವಳು ಕೇಳಿದಾಗ ಅವರೆದುರೇ ನಕ್ಕು, "ಹೆಂಗಸಿನ ಹೆಸರಿರೋ ಬೋರ್ಡ್ ಮೇಲೆ ಯಾವ ಗಂಡಸು ನಿಲ್ತಾನೆ?" ಎಂದಿದ್ದ. ಗಿರಾಕಿಗಳೂ ನಕ್ಕರು. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಮಗಳಿಗೆ ಮಾತ್ರ ಕಲಿಸಿದಳು. ಹಾರ್ಡನರ್ ಬೆರೆಸಿದ ಕ್ಷಣದಿಂದ ರೆಸಿನ್ ಯಾರಿಗೂ ಕಾಯದೆ ಗಟ್ಟಿಯಾಗತೊಡಗುತ್ತದೆ. ಬಿಸಿಲೇರಿದ ದಿನ ಹಾರ್ಡನರ್ ಕಡಿಮೆ ಹಾಕಬೇಕು. ಆದರೆ ಬೆಳಗಿನ ತಂಪಿನಲ್ಲೇ ಮುಗಿಸುವುದು ವಾಸಿ. ಒಂದು ಸಲಕ್ಕೆ ಎಷ್ಟು ಬಳಿಯಲಾಗುತ್ತದೋ ಅಷ್ಟನ್ನೇ ಕಲೆಸಬೇಕು.

"ಬಕೆಟ್ಟಲ್ಲಿ ರಾಶಿಯಾಗಿ ಬಿಟ್ರೆ ತನ್ನ ಬಿಸಿಗೆ ತಾನೇ ಬೇಯುತ್ತೆ. ಬೋರ್ಡ್ ಮೇಲೆ ಹರಡಿಬಿಟ್ಟೆಯೋ, ತಣ್ಣಗಿದ್ದು ಕೈಗೆ ಸಮಯ ಕೊಡುತ್ತೆ. ಕಲೆಸಿದ ಮೇಲೆ ಮಾತು ಬೇಡ."

"ಅಪ್ಪ ಕಲೆಸಿದ್ರೆ?"

"ನಿಮ್ಮಪ್ಪಂಗೆ ಮಾತೇ ಕೆಲಸ ಕಣೇ," ಎಂದು ಅಮ್ಮ ರಬ್ಬರ್ ಪಟ್ಟಿಯಿಂದ ರೆಸಿನ್ ಎಳೆಯುತ್ತಲೇ ನಕ್ಕಿದ್ದಳು.

*

ತಗಡಿನ ಚಾವಣಿ ಕಾದಿತ್ತು. ಕ್ಯಾಪ್ಟನ್ ಡಬ್ಬಿಯಲ್ಲಿದ್ದಷ್ಟೂ ರೆಸಿನ್ನನ್ನು ಬಕೆಟ್ಟಿಗೆ ಸುರಿದ. ಹಾರ್ಡನರನ್ನು ಕಣ್ಣಂದಾಜಿನಲ್ಲಿ ಹಾಕಿ, ಕೋಲಿನಿಂದ ಕಲೆಸಿದ. ಆಮೇಲೆ, ಎಲ್ಲರೂ ತನ್ನನ್ನೇ ನೋಡುತ್ತಿರುವುದು ತಿಳಿದು, ಕೋಲು ಹಿಡಿದೇ ಮಾತಿಗೆ ನಿಂತ.

ಚಿಕ್ಕಮ್ಮ ಮಗಳ ಪಕ್ಕೆ ತಿವಿದಳು. "ಹೇಳೇ. ಅಕ್ಕನ ಬೋರ್ಡು ಹಾಳಾಗುತ್ತೆ."

"ಹೇಳಲ್ಲ. ಎಲ್ಲರೂ ನೋಡ್ಲಿ."

ತಾನು ಕೆಲಸ ಮಾಡುವಾಗಲೆಲ್ಲ ಹೆಂಡತಿ ಟೀ ತಂದಿಡುತ್ತಿದ್ದಳು, ಆ ಟೀ ಕುಡಿದೇ ಇಷ್ಟೂ ಬೋರ್ಡುಗಳನ್ನು ಮಾಡಿದ್ದು ಎಂದು ಅವನು ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನು ನಿಜವಾಗಿಯೇ ಅತ್ತುಬಿಟ್ಟ. ಬಕೆಟ್ಟಿನಿಂದ ಸಣ್ಣ ಹೊಗೆ ಎದ್ದಿತು.

ಯಾರೋ ಕೆಮ್ಮಿದಾಗ ಅವನು ಕೆಳಗೆ ನೋಡಿ, ಗಡಬಡಿಸಿ ಬಕೆಟ್ಟನ್ನು ಬೋರ್ಡಿನ ಮೇಲೆ ಮಗುಚಿದ. ರೆಸಿನ್ ಹರಿಯಲಿಲ್ಲ. ಒಡೆದ ಮೊಸರಿನಂತೆ ಉಂಡೆ ಉಂಡೆಯಾಗಿ ಬಿತ್ತು. ಉಳಿದದ್ದು ಬಕೆಟ್ಟಿನ ತಳಕ್ಕೇ ಕಚ್ಚಿಕೊಂಡಿತು. ರಬ್ಬರ್ ಪಟ್ಟಿಯಿಂದ ಎಳೆದಾಗ ಬಟ್ಟೆಯೂ ಜೊತೆಗೆ ಬಂದು ಮಡಿಕೆ ಬಿತ್ತು. ಅದನ್ನು ಕಿತ್ತರೆ ಅಡಿಯ ಫೋಮೂ ಕಿತ್ತು ಬರುತ್ತದೆ. ಆ ಬೋರ್ಡಿನ ಕತೆ ಅಲ್ಲಿಗೆ ಮುಗಿಯಿತು.

ಗಂಡಸರ ಮುಖಗಳನ್ನು ನೋಡುತ್ತ ಮಗಳು ಕಾದಳು.

ಕಾರ್ಯದರ್ಶಿ ಮುಂದೆ ಬಂದು ಕ್ಯಾಪ್ಟನ್ನನನ್ನು ತಬ್ಬಿಕೊಂಡರು. "ಹೆಂಡತಿನ ಮಣ್ಣು ಮಾಡಿ ಬಂದವನ ಕೈಗೆ ಕೆಲಸ ಕೊಟ್ಟಿದ್ದು ನಮ್ಮದೇ ತಪ್ಪು."

"ಇಷ್ಟೂ ಬೋರ್ಡು ಮಾಡಿದ್ದು ಅಮ್ಮ," ಎಂದಳು ಮಗಳು. ಧ್ವನಿ ಅವಳೆಣಿಸಿದ್ದಕ್ಕಿಂತ ಸಣ್ಣದಾಗಿತ್ತು. "ಅಪ್ಪಂಗೆ ರೆಸಿನ್ ಕಲೆಸೋಕೂ ಬರಲ್ಲ. ಈಗ ನೋಡಿದ್ರಲ್ಲ."

ಕ್ಯಾಪ್ಟನ್ ತಲೆಯೆತ್ತಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಕಾರ್ಯದರ್ಶಿ ಮಗಳ ತಲೆ ಸವರಿ, ಸಂಕಟದಲ್ಲಿ ಬಾಯಿಗೆ ಏನೇನೋ ಬರುತ್ತದೆ, ಒಂದು ಲೋಟ ನೀರು ಕುಡಿ ಎಂದರು. ಇವಳು ಹುಟ್ಟಿದಾಗಿನಿಂದ ನಾನು ನೋಡಿದ್ದೇನೆ, ಇವಳು ಹೇಳುವುದು ನಿಜ ಎಂದು ಚಿಕ್ಕಮ್ಮ ಶುರು ಮಾಡಿದಳು. ಬಾಗಿಲಲ್ಲಿದ್ದ ಹೆಂಗಸರು ಚಿಕ್ಕಮ್ಮನ ತೋಳು ಹಿಡಿದು ನೆರಳಿಗೆ ಕರೆದೊಯ್ದರು.

ಗಂಡಸರು ಬೋರ್ಡಿನ ಸುತ್ತ ನಿಂತು ದನಿ ತಗ್ಗಿಸಿ ಚರ್ಚಿಸಿದರು. ಸರಿಮಾಡುವುದು ಬೇಡ, ಹೀಗೇ ಗೋಡೆಗೆ ಹಾಕೋಣ ಎಂದಾಯಿತು. ಇಂಥ ಕುಶಲ ಕೈಯೂ ಆ ದಿನ ಸೋತಿತೆಂದರೆ ಎಷ್ಟು ಪ್ರೀತಿಯಿದ್ದಿರಬೇಕು, ನೋಡಿದವರಿಗೆ ಗೊತ್ತಾಗಲಿ ಎಂದು ಒಬ್ಬರು ಕಣ್ಣೊರೆಸಿಕೊಂಡರು.

ಫೋಟೋ ತೆಗೆಯಲೆಂದು ಕಾರ್ಯದರ್ಶಿ ತಮ್ಮ ಫೋನನ್ನು ಮಗಳ ಕೈಗೆ ಕೊಟ್ಟರು. ನಾಲ್ವರು ಬೋರ್ಡನ್ನು ನೆಟ್ಟಗೆ ಎತ್ತಿ ಹಿಡಿದರು. ಅಪ್ಪ ನಡುವೆ ನಿಂತು, ಇನ್ನೂ ಬೆಚ್ಚಗಿದ್ದ ಉಂಡೆಗಳ ಮೇಲೆ ಅಂಗೈ ಇಟ್ಟ.

"ಇನ್ನೂ ಸ್ವಲ್ಪ ಹಿಂದೆ ಹೋಗಮ್ಮ," ಎಂದರು ಕಾರ್ಯದರ್ಶಿ. "ಎಲ್ಲರೂ ಬರಬೇಕು."

ಅವಳು ಹಿಂದೆ ಸರಿದಳು. ಮೇಜು ದಾಟಿತು, ಬಾಗಿಲು ದಾಟಿತು. ಹೊರಗೆ ಬಿಸಿಲಲ್ಲಿ ನಿಂತಾಗ ಫೋನಿನ ಪರದೆಯೊಳಗೆ ಎಲ್ಲರೂ ಸರಿಯಾಗಿ ಬಂದರು.