ಒಂದೇ ಒಲೆ, ಒಂದೇ ಖಾತೆ

ಕುರುಗೋಡಿನ ಚನ್ನವೀರಮ್ಮನ ಮನೆಯಲ್ಲಿ ಎಲ್ಲರ ಫೋನಿಗೂ ಒಂದೇ ಖಾತೆ. ಕಿರಿಯ ಮಗ ಹಂಪೇಶನ ಉಪಾಯ ಅದು. ಯಾರು ಫೋಟೊ ತೆಗೆದರೂ ತಾನಾಗಿಯೇ ಆನ್‌ಲೈನಿನಲ್ಲಿ ಜಮಾ ಆಗುತ್ತದೆ, ಫೋನ್ ಕಳೆದರೂ ಚಿಂತೆಯಿಲ್ಲ. "ಒಲಿ ಒಂದ ಐತಿ, ಖಾತಿ ಬ್ಯಾರೆ ಯಾಕ?" ಎಂದಿದ್ದ. ಮನೆಮಂದಿ ಭೇಷ್ ಎಂದರು. ಜಾಣತನಕ್ಕೆ ನಮ್ಮ ಕಡೆ ಯಾವತ್ತೂ ಕೊರತೆಯಿಲ್ಲ.

ಹಿರಿಯ ಸೊಸೆ ರಶ್ಮಿಗೆ ಎದೆಯ ಗಡ್ಡೆ ತೆಗೆದು ಇನ್ನೂ ತಿಂಗಳಾಗಿರಲಿಲ್ಲ. ಗಂಡ, ಅತ್ತೆಯ ಹೊರತು ಉಳಿದವರಿಗೆಲ್ಲ ಹೊಟ್ಟೆಯ ಆಪರೇಷನ್ ಎಂದೇ ಹೇಳಲಾಗಿತ್ತು. ಜನ ಅಯ್ಯೋ ಪಾಪ ಎನ್ನುತ್ತ ತನ್ನ ಎದೆಯತ್ತ ನೋಡುವುದನ್ನು ನೆನೆದರೇ ಅವಳಿಗೆ ಜೀವ ಹೋಗುತ್ತಿತ್ತು. ಬಳ್ಳಾರಿಯ ಡಾಕ್ಟರಮ್ಮ, ಪ್ರತಿ ಸಲ ಬರುವುದು ಬೇಡ, ಗಾಯದ ಫೋಟೊ ಕಳಿಸು ಸಾಕು ಎಂದಿದ್ದರು. ಅದೂ ಒಳ್ಳೆಯದೇ ಆಯಿತು. ಗಂಡನಿಗೆ ಅಂಗಡಿ ಬಿಡಲಾಗದು, ಅತ್ತೆಗೆ ಬಸ್ ಹತ್ತಿದರೆ ವಾಂತಿ. ವರ್ಷಗಳಿಂದ ಆಕೆ ಊರು ದಾಟಿಲ್ಲ. ರಶ್ಮಿ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಫೋಟೊ ತೆಗೆಯುತ್ತಿದ್ದಳು. ಫೋನನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ಸಿರಿಗೇರಿಯ ನೆಂಟರು ಬಂದ ದಿನ, ಗೃಹಪ್ರವೇಶದ ಫೋಟೊ ತೋರಿಸುತ್ತೇನೆಂದು ಹಂಪೇಶ ಟಿವಿಗೆ ಖಾತೆ ಜೋಡಿಸಿದ. ಮೊದಲು ಬಂದದ್ದು ಹೊಸ ಫೋಟೊ. ಪರದೆಯ ತುಂಬ ಹೊಲಿಗೆ ಹಾಕಿದ ಎದೆ, ಮೇಲೆ ರಶ್ಮಿಯ ಗದ್ದ. ಗಾಬರಿಯಲ್ಲಿ ಹಂಪೇಶನಿಗೆ ರಿಮೋಟಿನ ಗುಂಡಿಯೇ ಸಿಗಲಿಲ್ಲ. ಚನ್ನವೀರಮ್ಮ ಎದ್ದು ಹೋಗಿ ಸೆರಗು ಹರಡಿ ಟಿವಿಗೆ ಅಡ್ಡ ನಿಂತಳು.

"ಚಾ ಆರ್ತೈತಿ, ಕುಡೀರಿ," ಎಂದಳು ನೆಂಟರಿಗೆ.

ಅವರು ಹೋದ ಮೇಲೆ ಹಂಪೇಶ ರಶ್ಮಿಯ ಕೋಣೆಯ ಹೊಸ್ತಿಲಾಚೆ ನಿಂತು, ಮುಖ ತಿರುಗಿಸಿ ತನ್ನ ಫೋನ್ ಚಾಚಿದ. "ನೀವ ಅಳಿಸ್ರಿ ಅತ್ತಿಗಿ. ನಾ ನೋಡೂದಿಲ್ಲ."

ಅವಳು ಒಂದೊಂದನ್ನೇ ಅಳಿಸಿದಳು. "ಆ ಖಾತಿ ಕಂಪನಿಯವರ ಹತ್ರ ಇದ್ದವೂ ಹೋದ್ವೇನು?"

"ಗೊತ್ತಿಲ್ಲ ಅತ್ತಿಗಿ."

ಸೋಮವಾರ ಡಾಕ್ಟರಮ್ಮ ಮತ್ತೆ ಫೋಟೊ ಕೇಳಿದರು. ರಶ್ಮಿ ಫೋನ್ ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟಳು.

"ಇಡವ್ವ ಅದನ್ನ," ಎಂದಳು ಚನ್ನವೀರಮ್ಮ. "ಆ ಯಮ್ಮ ಕಣ್ಣಾರೆ ನೋಡ್ಲಿ. ನಡಿ, ಹೋಗಿ ಬರೂನು."

"ಅತ್ತಿ, ನಿಮಗ ಬಸ್ಸು..."

"ವಾಂತಿ ಬಂದ್ರ ಬರ್ಲಿ."

ಬಸ್ಸಿನಲ್ಲಿ ಚನ್ನವೀರಮ್ಮ ಕಣ್ಣು ಮುಚ್ಚಿ ಕೂತಳು. ಒಂದು ಕೈಯಲ್ಲಿ ಮೂಗಿಗೆ ಹಿಡಿದ ನಿಂಬೆಹಣ್ಣು, ಇನ್ನೊಂದರಲ್ಲಿ ಸೊಸೆಯ ಕೈ. ಕೊಳಗಲ್ಲು ದಾಟುವಷ್ಟರಲ್ಲಿ ನಿಂಬೆಹಣ್ಣು ಸೋತಿತು, ವಾಂತಿಯಾಯಿತು. ಸೊಸೆಯ ಕೈ ಮಾತ್ರ ಬಿಡಲಿಲ್ಲ.