ಗುಡ್ಡದ ತನಕ ಫೋಕಸ್

ಹಾನಗಲ್ಲಿನ ಬೀಜದ ಅಂಗಡಿಯ ಶಂಭುಲಿಂಗಪ್ಪನವರಿಗೆ ನಮ್ಮ ನೆಲದ ಮೇಲೆ ಬಹಳ ಅಭಿಮಾನ. ಅದಕ್ಕೇ ಹೋದ ವರ್ಷ ಅಂಗಡಿಯ ಕ್ಯಾಲೆಂಡರಿನಲ್ಲಿ ‘ನಮ್ಮ ಮಣ್ಣು, ನಮ್ಮ ಬೀಜ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಅದರ ಮೇಲೆ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಒಂದು ಹಸಿರು ಹೊಲದ ಚಿತ್ರ ಕೂಡಿಸಿದ್ದರು. ಹೊಲದ ಹಿಂದಿನ ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ಹಾನಗಲ್ ತಾಲೂಕಿನಲ್ಲಿ ಹಿಮ ಯಾವಾಗ ಬಿತ್ತು ಎಂದು ಕೇಳಿ ಕೇಳಿ ಗಿರಾಕಿಗಳು ವರ್ಷವಿಡೀ ಅವರ ಜೀವ ಹಿಂಡಿದರು.

ಹೀಗಾಗಿ ಈ ಸಲ ಅವರು ಸವಣೂರಿನಲ್ಲಿರುವ ನನ್ನ ಸ್ಟುಡಿಯೋ ಹುಡುಕಿಕೊಂಡು ಬಂದರು. ಒಂದೇ ಚಿತ್ರ ಬೇಕು, ಗೋಡೆಯ ಅಳತೆಗೆ ಹಿಗ್ಗಿಸಿದರೂ ಬದುವಿನ ಹುಲ್ಲಿನಿಂದ ಗುಡ್ಡದ ತನಕ ಎಲ್ಲವೂ ಚೂಪಾಗಿ ಕಾಣಬೇಕು ಎಂದರು. ಇನ್ನೊಂದು ಷರತ್ತೂ ಇತ್ತು.

“ಮನಷ್ಯಾರು ಇರಬಾರ್ದು ನೋಡ್ರಿ ನಿಯಾಜಭಾಯಿ. ತಿಳವಳ್ಳಿಯವರನ್ನ ಹಾಕಿದ್ರ ಹಂಸಭಾವಿಯವರು ಸಿಟ್ಟಾಗ್ತಾರ. ಹಂಸಭಾವಿಯವರನ್ನ ಹಾಕಿದ್ರ ಹಿರೇಬೆಂಡಿಗೇರಿಯವರು ನನ್ನ ಅಂಗಡಿ ಕಡೆ ಹಾಯೂದಿಲ್ಲ. ಹೊಲ ನೋಡಿದ್ರ ಯಾವೂರು ಅಂತ ಗೊತ್ತಾಗೂದಿಲ್ಲ. ಮಾರಿ ನೋಡಿದ್ರ ಗೊತ್ತಾಗ್ತೈತಿ.”

ನನಗೆ ಈ ಕೆಲಸ ಬೇಕೇ ಬೇಕಾಗಿತ್ತು. ಸ್ಟುಡಿಯೋ ನಮ್ಮ ಅಬ್ಬಾ ತೆರೆದದ್ದು, ಬಾಗಿಲ ಮೇಲಿನ ಬೋರ್ಡನ್ನೂ ಅವರೇ ಕೈಯಾರೆ ಬರೆದಿದ್ದರು. ಈಗ ಎಲ್ಲರ ಕಿಸೆಯಲ್ಲೂ ಒಂದೊಂದು ಕ್ಯಾಮೆರಾ ಇರುವುದರಿಂದ ನನ್ನ ಬಳಿ ಬರುವವರು ಪಾಸ್‌ಪೋರ್ಟ್ ಅಳತೆಯ ಫೋಟೋದವರು ಮಾತ್ರ. ಜಾಗ ಅಣ್ಣ ಇಜಾಜನ ಹೆಸರಿನಲ್ಲಿದೆ. ಅವನಿಗೆ ಅಲ್ಲಿ ಮೊಬೈಲ್ ಕವರಿನ ಅಂಗಡಿ ಹಾಕುವ ಆಸೆ.

“ಈ ಕ್ಯಾಲೆಂಡರಿನಿಂದ ನಿನಗ ಹೆಸರು ಬಂತಂದ್ರ ಸ್ಟುಡಿಯೋ ಇರ್ಲಿ,” ಎಂದ ಇಜಾಜ. “ಇಲ್ಲಾಂದ್ರ ಹೊಸಾ ವರ್ಷಕ್ಕ ಇಲ್ಲಿ ಕವರ್.” ಅಷ್ಟು ಹೇಳಿ ಗೋಡೆಯನ್ನು ಕಣ್ಣಲ್ಲೇ ಅಳೆಯುತ್ತ ಚಹಾ ಕುಡಿದ.

ಮದುವೆ ಫೋಟೋ ತೆಗೆಯುತ್ತಲೇ ಕೂದಲು ಬೆಳ್ಳಗಾದ ನನಗೆ ಹೊಲದ ಫೋಟೋ ಯಾವ ಲೆಕ್ಕ ಎಂದುಕೊಂಡೆ. ಇದ್ದ ಡಿಎಸ್ಎಲ್ಆರ್ ಕ್ಯಾಮೆರಾ ಆ ಕಂಪನಿಯಲ್ಲೇ ಎಲ್ಲಕ್ಕಿಂತ ಅಗ್ಗದ್ದು, ಲೆನ್ಸ್ ಅದರ ಜೊತೆ ಡಬ್ಬಿಯಲ್ಲೇ ಬಂದದ್ದು. ಹಿರೇಬೆಂಡಿಗೇರಿಗೆ ಹೋಗಿ ಗೋವಿನಜೋಳದ ಹೊಲ ತೆಗೆದು ಬಂದೆ. ಕಂಪ್ಯೂಟರಿನಲ್ಲಿ ನೋಡಿದರೆ ಮುಂದಿನ ಒಂದು ತೆನೆ ಮದುಮಗಳ ಮೂಗುತಿಯಂತೆ ಫಳಫಳ ಹೊಳೆಯುತ್ತಿತ್ತು. ಹಿಂದಿನ ಹೊಲ, ಗುಡ್ಡ, ಆಕಾಶ ಎಲ್ಲ ಅಡುಗೆಮನೆಯ ಹೊಗೆ. ಇಷ್ಟು ವರ್ಷ ನಾನು ಹತ್ತಿರದ ಮುಖ ಹಿಡಿದು ಉಳಿದದ್ದನ್ನು ದೇವರಿಗೆ ಬಿಟ್ಟವನು. ಕ್ಯಾಮೆರಾವೂ ಅದನ್ನೇ ಕಲಿತಿತ್ತು.

ಹಾಗಾಗಿ ಈ ವಯಸ್ಸಿನಲ್ಲಿ ಯೂಟ್ಯೂಬಿನ ಒಬ್ಬ ಗಡ್ಡದ ಗುರುವಿಗೆ ಶಿಷ್ಯನಾದೆ. ಆತ ಯಾವುದೋ ಚಳಿ ದೇಶದ ಬಂಡೆಯ ಮೇಲೆ ನಿಂತು, ಜಗತ್ತಿನ ಎಲ್ಲರಿಗೂ ಅಂಥದೊಂದು ಬಂಡೆ ಮನೆಯ ಹಿಂದೆಯೇ ಇರುತ್ತದೆ ಎಂಬಂತೆ ಪಾಠ ಹೇಳುತ್ತಿದ್ದ. ಮುಖ ಹುಡುಕುವ ಸೌಲಭ್ಯ ಬಂದ್ ಮಾಡಿ. ಬೆಳಕು ಒಳಬರುವ ಕಿಂಡಿ, ಅಂದರೆ ಅಪರ್ಚರ್, ಹನ್ನೊಂದಕ್ಕೆ ಇಳಿಸಿ. ತೀರಾ ಹತ್ತಿರವೂ ಬೇಡ, ಗುಡ್ಡವೂ ಬೇಡ, ನೋಟದ ಮೂರನೆಯ ಒಂದು ಪಾಲಿನಷ್ಟು ಒಳಗೆ ಇರುವ ವಸ್ತುವಿನ ಮೇಲೆ ಫೋಕಸ್ ಇಡಿ. ಅದನ್ನು ಹಿಂದಿನ ಪರದೆಯಲ್ಲಿ ಹಿಗ್ಗಿಸಿ ನೋಡಿ, ಸರಿ ಇದ್ದರೆ ಫೋಕಸ್ ತಾನಾಗಿ ಬದಲಾಗದಂತೆ ಲೆನ್ಸನ್ನು ಮ್ಯಾನ್ಯುವಲ್‌ಗೆ ಹಾಕಿ. ಆಮೇಲೆ ಅದನ್ನು ಮುಟ್ಟಬೇಡಿ. ಸ್ಟ್ಯಾಂಡಿನ ಮೇಲಿಟ್ಟು ಟೈಮರ್ ಹಾಕಿ, ದೂರ ನಿಂತು ಉಸಿರು ಬಿಡಿ.

“ಮದುವಿ ಆದಾಗಿಂದ ನನ್ನ ಒಂದ ಮಾತು ಕೇಳಿಲ್ಲ,” ಎಂದಳು ಹೆಂಡತಿ ಫರ್ಜಾನಾ, ಒಳಗಿನಿಂದಲೇ. “ಈ ಗಡ್ಡದವ ಉಸಿರು ಬಿಡ್ರಿ ಅಂದ್ರ ಬಿಡಾಕತ್ತೀರಿ.”

ಕಾರ್ತಿಕದ ಒಂದು ಮುಂಜಾನೆ ತಿಳವಳ್ಳಿಯ ಹತ್ತಿರ ಒಂದು ಗದ್ದೆಯ ಬದುವಿನ ಮೇಲೆ ಸ್ಟ್ಯಾಂಡ್ ಹೂಡಿದೆ. ಭತ್ತ ಕೊಯ್ಲಿಗೆ ಬಂದು ಬಾಗಿತ್ತು. ಆದರೆ ದಟ್ಟ ಮಂಜು. ಬರೀ ಬಿಳುಪಿನ ಮೇಲೆ ಫೋಕಸ್ ಹಿಡಿಯಲಾರದೆ ಲೆನ್ಸು ಮುಂದೆ ಹಿಂದೆ ಗುರ್ರೆನ್ನುತ್ತಿತ್ತು. ಮೂರನೆಯ ಒಂದು ಪಾಲು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಗುರುವಿನ ದೇಶದಲ್ಲಾದರೆ ಒಂದು ಬಂಡೆ ಇರುತ್ತಿತ್ತು.

ಆಗ ಕುಡುಗೋಲು ಹಿಡಿದು ಗದ್ದೆಯ ಒಡತಿ ಗುತ್ತೆವ್ವ ಬಂದಳು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಸ್ಟ್ಯಾಂಡ್ ನೋಡಿ ಅವಳ ಹುಬ್ಬು ಗಂಟಿಕ್ಕಿತು.

“ಸರ್ವೇ ಮಾಡಾಕ ಬಂದೀರೇನ್ರಿ? ಯಾರು ಅರ್ಜಿ ಕೊಟ್ಟಾರ?”

“ಸರ್ವೇ ಅಲ್ಲಬೇ ಯವ್ವಾ, ಫೋಟೋ. ಒಂದ ಉಪಕಾರ ಮಾಡ್ರಿ. ಆ ನಡೂ ಬದುವಿನ ಮ್ಯಾಲೆ ಒಂದೀಟು ನಿಂದರ್ರಿ.”

ಅವಳು ಹೋಗಿ ನಿಂತಳು. ಸೆರಗು ಸರಿಮಾಡಿಕೊಂಡು, ಕುಡುಗೋಲನ್ನು ಎದೆಗೆ ಅಡ್ಡ ಹಿಡಿದಳು. ಅವಳ ಸೀರೆಯ ಕೆಂಪು ಅಂಚು ಸಿಕ್ಕಿದ್ದೇ ತಡ, ಕ್ಯಾಮೆರಾ ತೆಪ್ಪಗಾಯಿತು. ಪರದೆಯಲ್ಲಿ ಹಿಗ್ಗಿಸಿ ನೋಡಿದೆ, ಅಂಚಿನ ನೂಲು ಸಹ ಕಾಣುತ್ತಿತ್ತು. ಲೆನ್ಸನ್ನು ಮ್ಯಾನ್ಯುವಲ್‌ಗೆ ಹಾಕಿದೆ.

“ಆತ್ರಿ ಯವ್ವಾ. ಇನ್ನ ಸರೀರಿ.”

“ತಗದ್ರೇನು?”

“ನಿಮ್ಮದಲ್ರಿ. ಗದ್ದಿದು.”

“ಅಂದ್ರ ನನ್ನ ಗೂಟದಂಗ ನಿಂದರ್ಸಿದ್ರಿ,” ಎಂದಳು ಗುತ್ತೆವ್ವ. “ನನ್ನ ತಗಿಯೂತನಾ ನಾ ಸರಿಯೂದಿಲ್ಲ.”

ನಮ್ಮ ಕಸುಬಿನಲ್ಲಿ ಇದಕ್ಕೊಂದು ಹಳೆಯ ಮದ್ದಿದೆ, ಖಾಲಿ ಫ್ಲ್ಯಾಶ್. ರೀಲಿನ ಕಾಲದಲ್ಲಿ ಮದುವೆಯ ಪ್ರತಿಯೊಬ್ಬ ದೂರದ ಕಾಕಾನೂ ಫೋಟೋಕ್ಕೆ ಹಟ ಹಿಡಿದರೆ ಅಬ್ಬಾ ಬರೀ ಫ್ಲ್ಯಾಶ್ ಮಿಂಚಿಸಿ ಕಳಿಸುತ್ತಿದ್ದರು. ಕಾಕಾ ಖುಷಿ, ರೀಲೂ ಉಳಿಯಿತು. ನಾನೂ ಚೀಲದಿಂದ ಫ್ಲ್ಯಾಶ್ ತೆಗೆದು ಮಿಂಚಿಸಿದೆ.

“ತೋರಸ್ರಿ,” ಎಂದು ಗುತ್ತೆವ್ವ ನಿಂತಲ್ಲಿಂದಲೇ ಕೂಗಿದಳು. “ಈಗಿನ ಕ್ಯಾಮರಾದಾಗ ಆಗಿಂದಾಗ ಕಾಣ್ತೈತಿ. ನನಗ ಗೊತ್ತಿಲ್ಲೇನು?”

ವಿಜ್ಞಾನ ಹೀಗೆ ಎಷ್ಟೋ ಬಡ ಕಸುಬುಗಳನ್ನು ಹಾಳುಮಾಡಿದೆ. ನಮ್ಮ ವಾದ ಮುಗಿಯುವ ಹೊತ್ತಿಗೆ ಬಿಸಿಲು ಬಂದು ಮಂಜು ಕರಗಿ ಹಿಂದಿನ ಗುಡ್ಡ ಕಂಡಿತು. ಅವಳ ಬಾಯಿ ಮುಚ್ಚಿಸಲು ಒಂದು ನಿಜವಾದ ಫೋಟೋ ತೆಗೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಒಂದು ಪ್ರತಿ ಕೊಡುತ್ತೇನೆಂದು ಮಾತು ತೆಗೆದುಕೊಂಡು ಕೊಯ್ಲಿನ ಕಡೆ ನಡೆದಳು.

ಆಮೇಲೆ ನಾನು ಲೆನ್ಸಿನ ಅಂಚಿಗೆ ಕೂತಿದ್ದ ಇಬ್ಬನಿಯನ್ನು ಕರ್ಚೀಫಿನಿಂದ ಚೆನ್ನಾಗಿ ಒರೆಸಿ, ಖಾಲಿ ಗದ್ದೆಯ ಫೋಟೋಗಳನ್ನು ಮನಸಾರೆ ತೆಗೆದೆ. ಅಗ್ಗದ ಲೆನ್ಸಿನಲ್ಲಿ ಫೋಕಸಿನ ಉಂಗುರ ಗಾಜಿನ ಸುತ್ತಲೇ ಇರುತ್ತದೆ. ಒರೆಸುವಾಗ ಅದೂ ತಿರುಗಿತು ಎಂಬುದು ಮನೆಗೆ ಬಂದು ಕಂಪ್ಯೂಟರ್ ಹಚ್ಚಿದಾಗ ತಿಳಿಯಿತು. ಅಷ್ಟೂ ಫೋಟೋಗಳು ಹೊಗೆ. ಹುಲ್ಲಿನಿಂದ ಗುಡ್ಡದ ತನಕ ಚೂಪಾಗಿದ್ದದ್ದು ಒಂದೇ ಒಂದು, ಅದರ ನಟ್ಟನಡುವೆ ಕುಡುಗೋಲು ಹಿಡಿದ ಗುತ್ತೆವ್ವ.

ಮತ್ತೆ ಹೋಗೋಣವೆಂದರೆ ಭತ್ತದ ಕೊಯ್ಲು ಮುಗಿದಿತ್ತು. ಅವಳಿಗೊಂದು ಪ್ರತಿ ಮಾಡಿಸಿ, ಕಟ್ಟು ಹಾಕಿಸಿ ಕಳಿಸಿದೆ. ಆಮೇಲೆ ಕಂಪ್ಯೂಟರಿನಲ್ಲಿ ಅವಳನ್ನು ಅಳಿಸಿದೆ. ಪಾಸ್‌ಪೋರ್ಟ್ ಫೋಟೋದಲ್ಲಿ ಕೋಟಿಲ್ಲದವರಿಗೆ ಕೋಟು ತೊಡಿಸುವ ಕೈಗೆ ಇದೇನು ದೊಡ್ಡದಲ್ಲ. ಅವಳು ನಿಂತಿದ್ದ ಜಾಗಕ್ಕೆ ಪಕ್ಕದ ಹುಲ್ಲು, ಭತ್ತ ತಂದು ಮೆತ್ತಿದೆ. ಕುಡುಗೋಲಿನ ಹೊಳಪು ಅಳಿಸುವಾಗ ಮಾತ್ರ ಮನಸ್ಸಿಗೆ ಕಸಿವಿಸಿಯಾಯಿತು.

ಶಂಭುಲಿಂಗಪ್ಪನವರು ಚಿತ್ರ ನೋಡಿ ನನ್ನನ್ನು ತಬ್ಬಿಕೊಂಡರು. ಇಜಾಜ ಗೋಡೆ ಅಳೆಯುವುದನ್ನು ನಿಲ್ಲಿಸಿದ. ಕ್ಯಾಲೆಂಡರ್ ಅಚ್ಚಾಗಿ, ಹೊಸ ವರ್ಷದ ಮೊದಲ ವಾರದಲ್ಲೇ ಅವರಿಂದ ಫೋನು ಬಂತು. ಧ್ವನಿಯಲ್ಲಿ ತಬ್ಬಿಕೊಳ್ಳುವ ಲಕ್ಷಣ ಇರಲಿಲ್ಲ.

ಹಾನಗಲ್ಲಿಗೆ ಓಡಿದೆ. ನನ್ನ ಹೆಸರು ಎಷ್ಟು ಬಂದಿದೆ ನೋಡಲು ಇಜಾಜನೂ ಬಂದ.

“ಎಲ್ಲಾರೂ ಇದೂ ಪರದೇಶದ್ದ ಅನ್ನಾಕತ್ತಾರ,” ಎಂದರು ಶಂಭುಲಿಂಗಪ್ಪನವರು. “ನಮ್ಮ ಕಡೆ ಗದ್ದಿ ಇಷ್ಟ ಚಂದ ಎಲ್ಲಿ ಇರ್ತೈತ್ರಿ ಅಂತಾರ. ಹುಲ್ಲಿನ ಗರಿ ಸುದ್ದಾ ಕಾಣ್ತೈತಿ, ಒಂದು ನರಪಿಳ್ಳಿ ಇಲ್ಲ. ಇದು ನಮ್ಮ ಕಡೀದು ಅಂತ ಸಾಕ್ಷಿ ಏನೈತಿ?”

ಗದ್ದೆಯ ಒಡತಿಯೇ ಸಾಕ್ಷಿ ಎಂದೆ. ಬೇಸಿಗೆ ಬೆಳೆಯ ಬೀಜಕ್ಕೆ ಬಂದ ಗುತ್ತೆವ್ವ ಅಲ್ಲೇ ಕಟ್ಟೆಯ ಮೇಲೆ ಕುಂತಿದ್ದಳು. ನನಗೆ ಜೀವ ಬಂದಂತಾಯಿತು. ಶಂಭುಲಿಂಗಪ್ಪನವರು ಎಲ್ಲ ಗಿರಾಕಿಗಳ ಮುಂದೆ ಅವಳನ್ನು ಕರೆದು ಕ್ಯಾಲೆಂಡರ್ ತೋರಿಸಿದರು.

“ಈ ಗದ್ದಿ ನಿಂದೇನಬೇ?”

ಗುತ್ತೆವ್ವ ಹತ್ತಿರ ಹೋದಳು. ನಡುವಿನ ಬದುವಿನ ಮೇಲೆ ಬೆರಳಿಟ್ಟು ಅತ್ತಿತ್ತ ಸವರಿದಳು. ಆಮೇಲೆ ನನ್ನ ಕಡೆ ತಿರುಗಿ ನೋಡಿದಳು. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನನಗೆ ಬಹಳ ನಾಚಿಕೆಯಾಯಿತು.

“ನಂದಲ್ರಿ,” ಎಂದಳು. “ನನ್ನ ಗದ್ದ್ಯಾಗ ನಾ ಇದ್ದೆ.”

ಅಂಗಡಿಯಲ್ಲಿ ನಗು ಎದ್ದಿತು. ಶಂಭುಲಿಂಗಪ್ಪನವರು ಕುರ್ಚಿಯಲ್ಲಿ ಕುಸಿದರು. ಇಜಾಜ ಬಸ್ಸಿನಲ್ಲಿ ಬರುವಾಗಲೇ ಕವರ್ ಮಾರುವ ಹುಬ್ಬಳ್ಳಿಯ ವ್ಯಾಪಾರಿಗೆ ಫೋನು ಮಾಡಿದ.

ಅಬ್ಬಾನ ಬೋರ್ಡನ್ನು ನಾನೇ ಇಳಿಸಿದೆ. ಈಗ ಅಲ್ಲಿ ಕವರಿನ ಅಂಗಡಿ, ಗಿರಾಕಿಗಳು ತಂದ ಫೋಟೋವನ್ನು ಕವರಿನ ಮೇಲೆ ಅಚ್ಚು ಹಾಕುವುದು ನನ್ನ ಕೆಲಸ. ಮೊನ್ನೆ ಗುತ್ತೆವ್ವ ಬಂದಳು. ಹೊಸ ಫೋನನ್ನು ಮೇಜಿನ ಮೇಲಿಟ್ಟು, ಇದರ ಹಿಂದೆ ತನ್ನ ಫೋಟೋ ಬೇಕೆಂದಳು. ನಾನು ಆ ಮುಂಜಾನೆಯ ಮೂಲ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದೆ. ಹುಲ್ಲು, ಭತ್ತ, ಗುಡ್ಡ ಎಲ್ಲ ಅಷ್ಟೇ ಚೂಪಾಗಿದ್ದವು. ಒಳಗೊಳಗೇ ಹೆಮ್ಮೆಯೂ ಆಯಿತು.

“ಆ ಗುಡ್ಡ ತಗದಬಿಡ್ರಿ ಸಾಹೇಬ್ರ, ಗದ್ದೀನೂ ಬ್ಯಾಡ,” ಎಂದಳು ಗುತ್ತೆವ್ವ. “ನಾ ಅಷ್ಟ ಇದ್ರ ಸಾಕು.”

ನಾನು ಗುಡ್ಡ ಅಳಿಸಿದೆ.